ನೆಲಮಾಳಿಗೆಯ ಇಪ್ಪತ್ನಾಲ್ಕು ಹಲಗೆಗಳು: ಅಂಗಳದಲ್ಲಿ ಕಾದಿರುವ ಲಿಫ್ಟ್ ಅವರ ಸನ್ನಿಧಿಗೆ

ಮಾನ್ಯ ಲಿಫ್ಟ್ ಅವರೇ,

ಹದಿನಾಲ್ಕನೇ ಕಟ್ಟಡದ 'ಬಿ' ದ್ವಾರದ ಅಂಗಳದಲ್ಲಿ, ಐದು ಮರದ ಪೆಟ್ಟಿಗೆಗಳೊಳಗೆ, ಒಂದು ನೀಲಿ ಟಾರ್ಪಾಲಿನ ಕೆಳಗೆ ಕಳೆದ ಡಿಸೆಂಬರಿನಿಂದ ಬಿಡಾರ ಹೂಡಿರುವ ತಮಗೆ, ಇದೇ ದ್ವಾರದ ನಿವಾಸಿಯೂ ವೃತ್ತಿಯಿಂದ ಭೂಮಾಪನದ ಎಂಜಿನಿಯರನೂ ಆಗಿರುವ ಓಗ್ನ್ಯಾನ್ ಕರದಾಲಿಯೆವ್ ಎಂಬ ನಾನು ಸಲ್ಲಿಸುವ ಗೌರವಪೂರ್ವಕ ವಂದನೆಗಳು. ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಪೆಟ್ಟಿಗೆಯ ಮೇಲೆ ಅಂಟಿಸಿರುವ ತಪಾಸಣಾ ಚೀಟಿಯಿಂದ ತಿಳಿದು ಸಂತೋಷವಾಯಿತು. ಹತ್ತು ತಿಂಗಳ ಅವಧಿಯಲ್ಲಿ ಒಮ್ಮೆಯೂ ಕೆಟ್ಟು ನಿಲ್ಲದ, ಎರಡು ಮಹಡಿಗಳ ನಡುವೆ ಯಾರನ್ನೂ ಸಿಕ್ಕಿಸಿಹಾಕದ, ಬಾಗಿಲಿನ ಸದ್ದಿನಿಂದ ಯಾರ ಮಧ್ಯಾಹ್ನದ ನಿದ್ದೆಯನ್ನೂ ಕೆಡಿಸದ ಲಿಫ್ಟ್ ಈ ಪಟ್ಟಣದಲ್ಲಿ ತಾವೊಬ್ಬರೇ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಳ್ಳುವುದು ನನ್ನ ಕರ್ತವ್ಯ.

ನಮ್ಮ ದ್ವಾರದಲ್ಲಿ, ಅಂದರೆ ಕಟ್ಟಡದ ಆ ಬಾಗಿಲಿನಿಂದ ಮೇಲೇರುವ ಭಾಗದಲ್ಲಿ, ನೆಲಮಹಡಿಯೂ ಸೇರಿ ಆರು ಅಂತಸ್ತುಗಳಿವೆ, ಅಂತಸ್ತಿಗೊಂದು ಮನೆಯಿದೆ, ಅಂಗಳದಿಂದ ಐದನೇ ಮಹಡಿಗೆ ತೊಂಬತ್ತು ಮೆಟ್ಟಿಲುಗಳಿವೆ. ಐದನೇ ಮಹಡಿ ಆಗ ನಮ್ಮದು. ನನ್ನ ಹೆಂಡತಿ ಜೋರ್ನಿತ್ಸಾ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು. ಕಾಲಿನ ನರಗಳ ಕಾಯಿಲೆಯಿಂದಾಗಿ ಅವಳೀಗ ಊರುಗೋಲು ಹಿಡಿದು ಮನೆಯೊಳಗೆ ನಡೆಯಬಲ್ಲಳು, ಅಷ್ಟು ಮೆಟ್ಟಿಲು ಇಳಿಯಲಾರಳು. ಒಂದೂವರೆ ವರ್ಷದಲ್ಲಿ ಅವಳು ನೆಲ ಮುಟ್ಟಿದ್ದು ಎರಡು ಸಲ. ಎರಡು ಸಲವೂ ಆಂಬುಲೆನ್ಸಿನವರ ಸ್ಟ್ರೆಚರಿನ ಮೇಲೆ. ದಿನವೂ ಯಾರಾದರೂ ಎತ್ತಿ ಇಳಿಸುವ ಏರ್ಪಾಡು ಮಾಡೋಣವೆಂದರೆ, "ನಾನೇನು ಬಟ್ಟೆ ಬೀರುವಾ?" ಎಂದು ಕೇಳಿದಳು. ಈ ವಿಷಯವನ್ನು ಇಷ್ಟಕ್ಕೇ ನಿಲ್ಲಿಸುತ್ತೇನೆ. ತಾವು ಇಲ್ಲಿಗೆ ಬಂದದ್ದು ಯಾತಕ್ಕೆಂಬುದು ಕಾಗದದಲ್ಲಿ ಇರಲೆಂದು ಬರೆದೆ.

ತಮ್ಮನ್ನು ಪುರಸಭೆಯವರು ಯಾವುದೋ ದೂರದ ನಿಧಿಯ ನೆರವಿನಿಂದ ನಮಗೆ ಉಚಿತವಾಗಿ ದಯಪಾಲಿಸಿದರು. ವರ್ಷ ಮುಗಿಯುವುದರೊಳಗೆ ತಮ್ಮನ್ನು ಎಲ್ಲಿಗಾದರೂ ತಲುಪಿಸಲೇಬೇಕಿದ್ದುದರಿಂದ ಮೊದಲು ತಮ್ಮನ್ನು ಇಳಿಸಿ, ಆಮೇಲೆ ನಿಯಮಗಳನ್ನು ಕಳುಹಿಸಿದರು. ನಿಯಮ ಸರಳವಾಗಿತ್ತು. ಆರು ಮನೆಗಳಲ್ಲಿ ನಾಲ್ಕು ಮನೆಯವರು ನೋಟರಿಯ ಮುಂದೆ, ಒಂದೇ ದಿನ, ಒಂದೇ ಕಾಗದಕ್ಕೆ ಸಹಿ ಹಾಕಬೇಕು. ಹಾಕಿದ ಮೇಲೆ ಆ ಒಪ್ಪಂದ ಆರೂ ಮನೆಗಳನ್ನು ಕಟ್ಟಿಹಾಕುತ್ತದೆ. ಹಾಕುವವರೆಗೆ ಯಾರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ನಮ್ಮ ಪಟ್ಟಣಕ್ಕೆ ನೋಟರಿ ಬರುವುದು ಬುಧವಾರ ಮಾತ್ರ.

ಇನ್ನು ತಮ್ಮ ಪಾದಗಳ ವಿಷಯ. ತಾವು ನಿಲ್ಲಲು ನೆಲಮಾಳಿಗೆಯಲ್ಲಿ ಒಂದು ಮೀಟರ್ ನಲವತ್ತು ಸೆಂಟಿಮೀಟರ್ ಆಳದ ಗುಂಡಿ ಬೇಕು. ಅಲ್ಲಿ ನಮ್ಮ ಆರು ಮನೆಗಳ ಆರು ಉಗ್ರಾಣಗಳಿವೆ, ಒಂದೊಂದರಲ್ಲಿ ಆರು ಹಲಗೆಗಳಿವೆ. ಗುಂಡಿ ತೋಡಿದರೆ ಎರಡು ಉಗ್ರಾಣಗಳು ಹೋಗಿ ನಾಲ್ಕು ಉಳಿಯುತ್ತವೆ, ಅಂದರೆ ಇಪ್ಪತ್ನಾಲ್ಕು ಹಲಗೆಗಳು. ತಾವು ಕಾರ್ಖಾನೆಯಲ್ಲಿ ಹುಟ್ಟಿ ಬೆಳೆದವರಾದ್ದರಿಂದ, ಸೆಪ್ಟೆಂಬರಿನಲ್ಲಿ ಸುಟ್ಟ ಕೆಂಪು ಮೆಣಸಿನಕಾಯಿ ಮತ್ತು ಟೊಮೆಟೊವನ್ನು ಕುದಿಸಿ ಭರಣಿಗೆ ತುಂಬಿಟ್ಟು ಮೇ ತಿಂಗಳವರೆಗೆ ಬ್ರೆಡ್ಡಿಗೆ ಬಳಿದು ತಿನ್ನುವ ಜನರಿಗೆ ಒಂದು ಹಲಗೆ ಎಂದರೆ ಏನೆಂಬುದು ತಮಗೆ ತಿಳಿದಿರಲಾರದು. ಆ ಜನರಿಗೆ ತಮ್ಮ ಬಗ್ಗೆ ಯಾವ ದ್ವೇಷವೂ ಇರಲಿಲ್ಲ. ತಮಗೆ ಪಾದಗಳಿಲ್ಲದಿದ್ದರೆ ತಾವು ಜನವರಿಯಲ್ಲೇ ಏರಿಳಿಯುತ್ತಿದ್ದಿರಿ.

ಮಾರ್ಚ್ ತಿಂಗಳ ಮೊದಲ ಭಾನುವಾರ, ಮೆಟ್ಟಿಲಿನ ಕೆಳಗೆ ಸಭೆ ಸೇರಿತು. ಮೂರನೇ ಮಹಡಿಯ ಕಾಮೆನ್ ದೋಬ್ರೆವ್ ಅವರು ನಮ್ಮ ದ್ವಾರದ ಉಸ್ತುವಾರಿ. ಹಿಂದೆ ಸೇನೆಯ ವಾದ್ಯವೃಂದದಲ್ಲಿ ಕಹಳೆ ಊದುತ್ತಿದ್ದವರಾದ್ದರಿಂದ ಸಭೆಯನ್ನು ಸಮಯಕ್ಕೆ ಸರಿಯಾಗಿ ಆರಂಭಿಸಿದರು. ಇಪ್ಪತ್ನಾಲ್ಕು ಹಲಗೆಗಳನ್ನು ಆರು ಮನೆಗಳಿಗೆ ತಲಾ ನಾಲ್ಕರಂತೆ ಹಂಚೋಣವೆಂದು ನಾನು ಸೂಚಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಒಪ್ಪಂದ ಕಾಫಿ ಬರುವವರೆಗೆ ಬಾಳಿತು. ಕಾಫಿ ತಂದ ಒಂದನೇ ಮಹಡಿಯ ತ್ಸೋನಾ ಚಿಕ್ಕಮ್ಮನವರು ತಟ್ಟೆ ಕೆಳಗಿಡುತ್ತಾ, "ಸಹಿ ನಾಲ್ಕು ಸಾಕು ಅಂದ್ರಲ್ಲ, ಮತ್ತೆ ಹಲಗೆ ಆರು ಜನಕ್ಕೆ ಯಾಕೆ?" ಎಂದು ಕೇಳಿದರು. ಎಪ್ಪತ್ತೊಂದು ವರ್ಷದ, ನಾಲ್ಕನೇ ತರಗತಿಯ ಗಣಿತವನ್ನೂ ದ್ವೇಷಿಸಿದೆನೆಂದು ಹೇಳಿಕೊಳ್ಳುವ ಆ ಹೆಂಗಸು, ಗಣಿತಜ್ಞರು ದೊಡ್ಡ ಪುಸ್ತಕಗಳಲ್ಲಿ ಚರ್ಚಿಸುವ ಪ್ರಶ್ನೆಯನ್ನು ಸಕ್ಕರೆ ಕಲಕುತ್ತಾ ಕೇಳಿಬಿಟ್ಟಿದ್ದರು.

ಅವರ ಮುಂದಿನ ಮಾತು ಇನ್ನೂ ನಿಖರವಾಗಿತ್ತು. "ಎಂಜಿನಿಯರ್ರು ಹೆಂಗಿದ್ರೂ ಸಹಿ ಹಾಕ್ತಾರೆ, ಪಾಪ, ಅವರಿಗೆ ಬೇರೆ ದಾರಿಯಿಲ್ಲ. ಹಾಕೇ ಹಾಕೋರಿಗೆ ಹಲಗೆ ಕೊಡೋದು ಅಂದ್ರೆ ಹಲಗೆ ದಂಡ." ಸಭೆ ನನ್ನ ಹೆಸರನ್ನು ಹಲಗೆಯ ಪಟ್ಟಿಯಿಂದ ಹೊಡೆದುಹಾಕಿತು. ನೆಲಮಹಡಿಯ ಗಾಂಚೋ ಅವರಿಗೆ ಲಿಫ್ಟಿನ ಅಗತ್ಯವೇ ಇಲ್ಲವೆಂದು ಅವರನ್ನು ಲೆಕ್ಕದಿಂದ ಬಿಟ್ಟರು. ಹೀಗೆ ಅತ್ಯಂತ ಅಗತ್ಯವಿದ್ದವನೂ ಅಗತ್ಯವೇ ಇಲ್ಲದವನೂ ಒಂದೇ ಏಟಿಗೆ ಹೊರಬಿದ್ದೆವು. ವ್ಯತ್ಯಾಸ ಇಷ್ಟೇ: ಅವರ ಸಹಿ ಯಾರಿಗೂ ಬೇಡ, ನನ್ನ ಸಹಿ ಎಲ್ಲರಿಗೂ ಪುಕ್ಕಟೆ.

ಆಮೇಲೆ ನಡೆದದ್ದನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ಕಾಮೆನ್, ತ್ಸೋನಾ ಚಿಕ್ಕಮ್ಮ ಮತ್ತು ಎರಡನೇ ಮಹಡಿಯ ಔಷಧಿ ಅಂಗಡಿಯ ದಂಪತಿ ತಲಾ ಎಂಟು ಹಲಗೆಗಳಂತೆ ಹಂಚಿಕೊಂಡು, ನನ್ನ ಪುಕ್ಕಟೆ ಸಹಿಯನ್ನು ಸೇರಿಸಿಕೊಂಡು, ಕೈಕೈ ಕುಲುಕಿ, ಒಂದೊಂದು ಗುಟುಕು ರಾಕಿಯಾ ಎಂಬ ಹಣ್ಣಿನ ಮದ್ಯ ಕುಡಿದು ಬುಧವಾರಕ್ಕಾಗಿ ಕಾದರು. ಸೋಮವಾರ ಸಂಜೆ, ಹೊರಗುಳಿದಿದ್ದ ನಾಲ್ಕನೇ ಮಹಡಿಯ ಡ್ರೈವಿಂಗ್ ಶಾಲೆಯ ಮೇಷ್ಟ್ರು ಔಷಧಿ ಅಂಗಡಿಗೆ ಕೆಮ್ಮಿನ ಮದ್ದಿಗೆಂದು ಹೋಗಿ, ತಮ್ಮ ಜೊತೆ ಬಂದರೆ ಆ ದಂಪತಿಗೆ ಒಂಬತ್ತು, ಚಿಕ್ಕಮ್ಮನಿಗೆ ಎಂಟು, ತಮಗೆ ಏಳೇ ಸಾಕು ಎಂದರು. ಮಂಗಳವಾರದ ಹೊತ್ತಿಗೆ ಕಾಮೆನ್ ಹೊರಗಿದ್ದರು, ಮೇಷ್ಟ್ರ ಕೆಮ್ಮು ವಾಸಿಯಾಗಿತ್ತು. ಮಂಗಳವಾರ ಸಂಜೆ ಕಾಮೆನ್ ಚಿಕ್ಕಮ್ಮನಿಗೆ ಒಂಬತ್ತು, ಮೇಷ್ಟ್ರಿಗೆ ಎಂಟು ಎಂದು ಹೇಳಿಕಳಿಸಿದರು. ಬುಧವಾರ ಬೆಳಿಗ್ಗೆ ನೋಟರಿಯ ಕಚೇರಿಯ ಮುಂದೆ ನಾನೊಬ್ಬನೇ ನಿಂತಿದ್ದೆ.

ನಾನು ಅಳತೆಯ ಮನುಷ್ಯನಾದ್ದರಿಂದ ಕಾಗದ ತೆಗೆದುಕೊಂಡು ಕುಳಿತೆ. ನನ್ನ ಪುಕ್ಕಟೆ ಸಹಿಯನ್ನು ಬದಿಗಿಟ್ಟರೆ, ಉಳಿದ ನಾಲ್ಕು ಮನೆಗಳಲ್ಲಿ ಯಾವ ಮೂರು ಕೂಡಿದರೂ ಎಲ್ಲಾ ಇಪ್ಪತ್ನಾಲ್ಕು ಹಲಗೆಗಳು ಅವರವು. ಈಗ ತಾವು ಹೇಗೆ ಬೇಕಾದರೂ ಹಂಚಿ ನೋಡಿ: ಅತಿ ಕಡಿಮೆ ಸಿಕ್ಕಿದ ಮೂವರ ಪಾಲುಗಳನ್ನು ಕೂಡಿಸಿದರೆ ಅದು ಹದಿನೆಂಟನ್ನು ಮೀರಲಾರದು. ಆ ಮೂವರು ಮೆಟ್ಟಿಲಿನ ತಿರುವಿನಲ್ಲಿ ಎದುರಾಗಿ ಇಪ್ಪತ್ನಾಲ್ಕನ್ನೂ ತಾವೇ ಹಂಚಿಕೊಳ್ಳಬಹುದೆಂದು ಕಂಡುಕೊಂಡರೆ ಸಾಕು, ಹಂಚಿಕೆ ಮುರಿಯಿತು. ಮುರಿಯಲಾಗದ ಹಂಚಿಕೆ ಎಂಬುದೇ ಇಲ್ಲ. ಯಾರು ಯಾರೊಡನೆ ಕೂಡಿಕೊಂಡಾರು ಎಂಬುದನ್ನು ಅಧ್ಯಯನ ಮಾಡುವ ಗಣಿತದಲ್ಲಿ ಇಂಥ ಆಟಕ್ಕೆ ತಿರುಳು ಖಾಲಿ ಎನ್ನುತ್ತಾರೆ. ಒಡೆದು ನೋಡಿದರೆ ಒಳಗೇನೂ ಇಲ್ಲದ ಅಕ್ರೋಟಿನ ಹಾಗೆ. ನಮ್ಮ ನೆರೆಹೊರೆಯವರು ಕೆಟ್ಟವರಾದ್ದರಿಂದ ಹೀಗಾಗುತ್ತಿದೆಯೆಂದು ಆವರೆಗೆ ನಾನು ತಿಳಿದಿದ್ದೆ. ಒಳ್ಳೆಯವರಾಗಿದ್ದರೂ ಹೀಗೇ ಆಗುತ್ತಿತ್ತೆಂದು ತಿಳಿದ ಮೇಲೆ ಅವರ ಮೇಲೆ ಸಿಟ್ಟಾಗುವ ಸಮಾಧಾನವೂ ನನ್ನಿಂದ ತಪ್ಪಿಹೋಯಿತು.

ಆದರೆ ಮಾತಿಗೂ ಸಹಿಗೂ ನಡುವಿನ ಕಾಲವನ್ನು ಇಲ್ಲವಾಗಿಸಿದರೆ ಮುರಿಯಲು ಅವಕಾಶವೇ ಇರದಲ್ಲವೇ? ಆದ್ದರಿಂದ ಸಭೆಯನ್ನು ಬುಧವಾರ ಬೆಳಿಗ್ಗೆಯೇ ಸೇರಿಸಿ, ಒಪ್ಪಿದ ಕೂಡಲೇ ಎಲ್ಲರೂ ಒಟ್ಟಿಗೆ ನೋಟರಿಯ ಬಳಿಗೆ ನಡೆದುಹೋಗೋಣವೆಂದು ಬೇಡಿಕೊಂಡೆ. ಕಚೇರಿಗೆ ಆರುನೂರ ಇಪ್ಪತ್ತು ಮೀಟರ್ ದೂರ, ನಾನೇ ಅಳೆದಿದ್ದೇನೆ. ದಾರಿಯಲ್ಲಿ ಎರಡು ಕಲ್ಲುಬೆಂಚುಗಳಿವೆ. ಮೊದಲ ಬೆಂಚಿನಲ್ಲಿ ಚಿಕ್ಕಮ್ಮ ಉಸಿರು ತೆಗೆದುಕೊಳ್ಳಲು ಕುಳಿತರು, ಔಷಧಿ ಅಂಗಡಿಯವರು ಅವರ ನಾಡಿ ನೋಡಲು ಕುಳಿತರು, ಹೊಸ ಹಂಚಿಕೆಯ ಮಾತು ಅಲ್ಲೇ ಶುರುವಾಯಿತು. ಎರಡನೆಯ ಬೆಂಚನ್ನು ನಾನೂ ಕಾಮೆನ್ನೂ ಇಬ್ಬರೇ ದಾಟಿದೆವು.

ಈ ಹಂತದಲ್ಲಿ ಕಾಮೆನ್ ಅವರಿಗೆ ಒಂದು ಉಪಾಯ ಹೊಳೆಯಿತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಗಾಂಚೋ ಅವರನ್ನು ಒಳಗೆ ಕರೆದು ಎಂಟು ಹಲಗೆ ಕೊಟ್ಟುಬಿಟ್ಟರೆ, ಬೇರೆ ಯಾರಿಗೂ ಅವರನ್ನು ಸೆಳೆಯುವ ಯೋಚನೆ ಬರುವ ಮೊದಲೇ ಕೆಲಸ ಮುಗಿದಿರುತ್ತದೆ: ಕಾಮೆನ್, ಮೇಷ್ಟ್ರು, ಗಾಂಚೋ ಮತ್ತು ನಾನು. ಗಾಂಚೋ ಅವರು ಹದಿನಾಲ್ಕು ವರ್ಷ ಇಟಲಿಯಲ್ಲಿ ಲಾರಿ ಓಡಿಸಿ ಬಂದವರು, ಮಾತು ಕಡಿಮೆ, ಮಾಳಿಗೆಯ ಮೇಲೆ ಇಪ್ಪತ್ತಾರು ಪಾರಿವಾಳಗಳನ್ನು ಸಾಕಿಕೊಂಡಿರುವವರು. ಕಾಮೆನ್ ತಮ್ಮ ಪ್ರಸ್ತಾಪವನ್ನು ಮಂಡಿಸಿದಾಗ ಅವರು ಕಾಳಿನ ಚೀಲವನ್ನು ಹೆಗಲಿಗೇರಿಸುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸಿದರು.

ನಮ್ಮ ನಾಡಿನಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಬೇಡವೆಂದು, ಅಡ್ಡಡ್ಡ ಆಡಿಸಿದರೆ ಆಗಲೆಂದು ಅರ್ಥ. ಇಟಲಿಯಲ್ಲಿ ಇದರ ತಿರುಗುಮುರುಗು. ಹದಿನಾಲ್ಕು ವರ್ಷ ಅಲ್ಲಿದ್ದ ತಲೆ ಈಗ ಯಾವ ಪದ್ಧತಿಯಲ್ಲಿ ಆಡುತ್ತಿದೆಯೆಂಬುದನ್ನು ವಿಚಾರಿಸದೆ, ಕಾಮೆನ್ 'ಸಮ್ಮತಿ' ಎಂದು ಬರೆದುಕೊಂಡರು. ಬುಧವಾರ ನಾವು ಮೂವರೂ ಒಗೆದ ಅಂಗಿ ತೊಟ್ಟು, ಬೆಂಚುಗಳ ಕಡೆ ಕಣ್ಣೆತ್ತಿಯೂ ನೋಡದೆ ನೋಟರಿಯ ಮುಂದೆ ಹೋಗಿ ಕುಳಿತು ಮಧ್ಯಾಹ್ನದವರೆಗೆ ಕಾದೆವು. ಹಿಂತಿರುಗಿ ಬಂದಾಗ ಗಾಂಚೋ ಅಂಗಳದಲ್ಲಿ ಬಕೆಟ್ ತೊಳೆಯುತ್ತಿದ್ದರು.

"ನೀವು ಒಪ್ಕೊಂಡಿದ್ರಲ್ರೀ!" ಎಂದರು ಕಾಮೆನ್.

"ನಾನೆಲ್ಲಿ ಒಪ್ಕೊಂಡೆ? ಬೇಡ ಅಂತ ತಲೆ ಆಡ್ಸಿದೆ."

"ನೀವು ಇಟಲಿಯವ್ರ ಥರ ಆಡ್ಸಿದ್ದು ಅಂದ್ಕೊಂಡೆ."

"ಅಲ್ಲಿದ್ದಾಗ ಅಲ್ಲಿನ ತಲೆ. ಗಡಿ ದಾಟಿದ ಮೇಲೆ ಊರಿನ ತಲೆ."

ಒಂದನೇ ಮಹಡಿಯ ಕಿಟಕಿಯಿಂದ ತ್ಸೋನಾ ಚಿಕ್ಕಮ್ಮ, "ಲೋ ಗಾಂಚೋ, ನಿನ್ ತಲೆಗೆ ಬೇರೆ ಪಾಸ್‌ಪೋರ್ಟ್ ಮಾಡಿಸ್ಕೊಳೋ," ಎಂದು ಕೂಗಿದರು. ಅವರನ್ನು ಹೊರಗಿಟ್ಟು ಮಾಡಿಕೊಂಡಿದ್ದ ಒಪ್ಪಂದವಾದ್ದರಿಂದ ಅವರ ಸಂತೋಷಕ್ಕೆ ಕಾರಣವಿತ್ತು.

ನಾಲ್ಕು ಸಹಿಗಳ ಎಷ್ಟು ಜೋಡಣೆಗಳು ಸಾಧ್ಯ, ಯಾವುದು ಯಾರಿಂದ ಮುರಿಯುತ್ತದೆ ಎಂಬುದರ ಪಟ್ಟಿ ಆ ಹೊತ್ತಿಗೆ ನನ್ನ ಮೇಜಿನ ಮೇಲೆ ಹನ್ನೊಂದು ಹಾಳೆಗಳಷ್ಟಾಗಿತ್ತು. ಆ ಸಂಜೆ ಅದಕ್ಕೆ ಹನ್ನೆರಡನೆಯ ಹಾಳೆ ಸೇರಿಸುತ್ತಿದ್ದಾಗ ಜೋರ್ನಿತ್ಸಾ ಕಿಟಕಿಯ ಬಳಿಯಿಂದ, "ಗಾಂಚೋ ಯಾಕೆ ಬೇಡ ಅಂದ್ರು ಅಂತ ಯಾರಾದ್ರೂ ಕೇಳಿದ್ರಾ?" ಎಂದಳು. ಯಾರೂ ಕೇಳಿರಲಿಲ್ಲ. ಅವಳಿಗೆ ಗೊತ್ತಿತ್ತು. ಗಾಂಚೋ ದಿನಕ್ಕೆರಡು ಸಲ ತೊಂಬತ್ತು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗುವಾಗ ನಮ್ಮ ಬಾಗಿಲ ಬಳಿ ದಣಿವಾರಿಸಿಕೊಳ್ಳುತ್ತಿದ್ದರಂತೆ, ಅವಳು ಒಳಗಿನಿಂದ ನೀರು ಕೊಡುತ್ತಿದ್ದಳಂತೆ, ಒಂದೂವರೆ ವರ್ಷದಿಂದ. ಆ ಹೊತ್ತಿನಲ್ಲಿ ನಾನು ಕಚೇರಿಯಲ್ಲಿರುತ್ತಿದ್ದೆ. ತಮ್ಮ ಮೋಟಾರಿಗೆ ಮಾಳಿಗೆಯ ಮೇಲೆ ಒಂದು ಕೋಣೆ ಬೇಕೆಂದೂ, ಅದು ಬರುವುದು ಪಾರಿವಾಳದ ಗೂಡುಗಳಿರುವ ಜಾಗದಲ್ಲೆಂದೂ ನಕ್ಷೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ಆ ನಕ್ಷೆಯನ್ನು ತಿದ್ದಿದವನು ನಾನೇ.

"ನಿಮ್ಮ ಪಟ್ಟೀಲಿ ಪಾರಿವಾಳಕ್ಕೆ ಒಂದು ಕಾಲಂ ಇಲ್ಲ," ಎಂದು ಹೇಳಿ ಅವಳು ಉಳಿದದ್ದನ್ನೂ ಹೇಳಿದಳು. ನಮ್ಮ ಮನೆಗೆ ಹಿಂಬದಿಯಲ್ಲಿ ನಮ್ಮದೇ ಆದ ಬಯಲು ಬಿಸಿಲುಮಚ್ಚು ಇದೆ. ಇಪ್ಪತ್ತಾರು ಪಾರಿವಾಳಗಳಿಗೆ ಧಾರಾಳವಾಗಿ ಸಾಕು, ಅಲ್ಲಿಂದ ಅವನ್ನು ಯಾವ ಮೋಟಾರೂ ಎಬ್ಬಿಸಲಾರದು. ಗಾಂಚೋ ಅವರ ಮನೆಗೆ ಅಂಗಳದಿಂದ ಒಂದೇ ಮೆಟ್ಟಿಲು. ಎರಡೂ ಮನೆಗಳ ವಿಸ್ತೀರ್ಣ ಒಂದೇ. "ನಾನು ಕೇಳ್ದೆ, ಅವರು ತಲೆ ಆಡ್ಸಿದ್ರು. ಯಾವ ಊರಿನ ತಲೆ ಅಂತ್ಲೂ ಕೇಳ್ದೆ. ಊರಿಂದೇ ಅಂದ್ರು. ಅಡ್ಡಡ್ಡ ಆಡ್ಸಿದ್ದು."

ಮುಂದಿನ ಬುಧವಾರ ನಾನೂ ಗಾಂಚೋ ಅವರೂ ನೋಟರಿಯ ಬಳಿಗೆ ಹೋದೆವು. ದಾರಿಯಲ್ಲಿ ಎರಡು ಬೆಂಚುಗಳಲ್ಲೂ ಕುಳಿತೆವು, ಅವರಿಗೆ ಮೊಣಕಾಲು ನೋವು. ಏನೂ ಮುರಿಯಲಿಲ್ಲ, ನಮ್ಮಿಬ್ಬರನ್ನು ಬೇರ್ಪಡಿಸಿ ಏನನ್ನಾದರೂ ಗಳಿಸುವ ಮೂರನೆಯವರು ಈ ಜಗತ್ತಿನಲ್ಲಿ ಇರಲಿಲ್ಲ. ಮನೆಗಳ ಅದಲುಬದಲಿಗೆ ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಇಪ್ಪತ್ತೈದು ನಿಮಿಷ ನೋಟರಿ ತಮ್ಮ ಮೊಹರನ್ನು ಹುಡುಕಿದರು.

ಆಗಸ್ಟ್ ಕೊನೆಯ ಶನಿವಾರ ಜೋರ್ನಿತ್ಸಾಳನ್ನು ಕೆಳಗಿಳಿಸಬೇಕಿತ್ತು. ಬೀರುವನ್ನು ಇಳಿಸಿದ ಮೇಲೆ, ಇದೊಂದು ಸಲಕ್ಕೆ ತಾನೂ ಬೀರುವಾಗಲು ಅಡ್ಡಿಯಿಲ್ಲವೆಂದು ಅವಳೇ ಹೇಳಿದಳು. ತೋಳಿರುವ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ನಾಲ್ಕು ಕಾಲುಗಳಿಗೆ ನಾಲ್ವರು: ಗಾಂಚೋ, ಕಾಮೆನ್, ಡ್ರೈವಿಂಗ್ ಮೇಷ್ಟ್ರು, ಔಷಧಿ ಅಂಗಡಿಯ ಯಜಮಾನರು. ನನ್ನನ್ನು ಯಾರೂ ಸೇರಿಸಿಕೊಳ್ಳಲಿಲ್ಲ, ನನ್ನ ಕೈಯಲ್ಲಿ ಊರುಗೋಲು ಕೊಟ್ಟರು. ತ್ಸೋನಾ ಚಿಕ್ಕಮ್ಮ ಪ್ರತಿ ತಿರುವಿನಲ್ಲೂ ಮುಂದೆ ನಿಂತು, "ಎಡಗಾಲಿನೋನು ಸ್ವಲ್ಪ ತಗ್ಗಿಸು. ಏ ಮೇಷ್ಟ್ರೇ, ಇದು ಕಾರಲ್ಲ, ಹಿಂದೆ ತಗೋಬೇಡಿ," ಎಂದು ಆಜ್ಞೆ ಕೊಡುತ್ತಿದ್ದರು. ಮೂರನೇ ಮಹಡಿಯ ತಿರುವಿನಲ್ಲಿ ಕಾಮೆನ್ ಅವರ ಬೆರಳು ಗೋಡೆಗೂ ಕುರ್ಚಿಗೂ ನಡುವೆ ಸಿಕ್ಕಿ ಚರ್ಮ ಕಿತ್ತುಬಂತು. ಅವರು ಬೈದರು, ಆದರೆ ಬಿಡಲಿಲ್ಲ. ತಾವು ಬಂದ ಮೇಲೆ ಮೊದಲ ಬಾರಿಗೆ ಈ ದ್ವಾರದ ನಾಲ್ಕು ಮನೆಯವರು ಒಟ್ಟಿಗೆ ಆರಂಭಿಸಿದ ಕೆಲಸವನ್ನು ಒಟ್ಟಿಗೆ ಮುಗಿಸಿದರು. ನಡುದಾರಿಯಲ್ಲಿ ಯಾರಾದರೂ ಹಿಂದೆ ಸರಿದಿದ್ದರೆ ಏನಾಗುತ್ತಿತ್ತೆಂಬುದು ನಾಲ್ವರಿಗೂ ತಮ್ಮ ತಮ್ಮ ಕೈಗಳಲ್ಲೇ ತಿಳಿಯುತ್ತಿತ್ತು. ಯಾವ ನೋಟರಿಯೂ ಅಲ್ಲಿರಲಿಲ್ಲ.

ಈಗ ನನ್ನ ದೂರಿಗೆ ಬರುತ್ತೇನೆ. ನಾವು ನೆಲಮಹಡಿಗೆ ಬಂದು ನಾಲ್ಕು ವಾರಗಳಾದವು. ಅಂಗಳದಲ್ಲಿ ಮೆಣಸಿನಕಾಯಿ ಸುಡುವ ಕಾಲ. ಸಂಜೆ ಐದರ ಹೊತ್ತಿಗೆ ಜೋರ್ನಿತ್ಸಾ ಒಂದು ಮೆಟ್ಟಿಲಿಳಿದು, ಹದಿನಾಲ್ಕು ಹೆಜ್ಜೆ ನಡೆದು, ತಮ್ಮ ಮೂರನೆಯ ಪೆಟ್ಟಿಗೆಯ ಮೇಲೆ ಕುಳಿತು, ಇತರರು ಸುಟ್ಟುಕೊಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಾಳೆ. ಆ ಪೆಟ್ಟಿಗೆಯ ಎತ್ತರ ನಲವತ್ತಾರು ಸೆಂಟಿಮೀಟರ್. ಅವಳು ಊರುಗೋಲಿಲ್ಲದೆ ಎದ್ದು ನಿಲ್ಲಬಲ್ಲ ಎತ್ತರ ಈ ಅಂಗಳದಲ್ಲಿ ಅದೊಂದೇ. ಮೊನ್ನೆ ಅವಳು ಅಲ್ಲಿ ಕುಳಿತು ಏನನ್ನೋ ಗುನುಗುತ್ತಿದ್ದಳು, ಕಾಮೆನ್ ಬೆರಳಿನ ಬ್ಯಾಂಡೇಜಿನಿಂದಲೇ ಬಕೆಟ್ಟಿನ ಮೇಲೆ ತಾಳ ಹಾಕುತ್ತಿದ್ದರು. ಹೀಗಿರುವಾಗ ತಾವು ಯಾವತ್ತಾದರೂ ಪೆಟ್ಟಿಗೆಯಿಂದ ಹೊರಬಂದು ತಮ್ಮ ಮೂಲ ಉದ್ಯೋಗದಲ್ಲಿ ತೊಡಗುವ ಸಾಧ್ಯತೆ ಇನ್ನೂ ಉಳಿದಿದೆಯೆಂಬುದೇ ನನ್ನ ದೂರು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ತಾವು ದಯವಿಟ್ಟು ಜೋಡಣೆಯಾಗದೆ ಇರಬೇಕು; ಜೋಡಣೆ ಅನಿವಾರ್ಯವಾದರೆ ಮೂರನೆಯ ಪೆಟ್ಟಿಗೆಯಲ್ಲಿರುವ ಅಂಗಗಳನ್ನು ಬಿಟ್ಟು ಏರಿಳಿಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು; ಅದೂ ಆಗದಿದ್ದರೆ ಮಳೆಗಾಲ ಮತ್ತು ಹಿಮಗಾಲದಲ್ಲಿ ಮಾತ್ರ ಕಾರ್ಯನಿರ್ವಹಿಸಿ, ಬಿಸಿಲಿರುವ ಸಂಜೆಗಳಲ್ಲಿ ಪೆಟ್ಟಿಗೆಗೆ ಮರಳಬೇಕು. ತಮ್ಮನ್ನು ವಾಪಸು ಒಯ್ಯುವ ಬಗ್ಗೆ ಪುರಸಭೆಯಲ್ಲಿ ಚರ್ಚೆಯಾಯಿತೆಂದು ಕೇಳಿದ್ದೇನೆ. ಅದಕ್ಕೆ ಅಲ್ಲಿ ಮೂರು ಪಕ್ಷಗಳಲ್ಲಿ ಎರಡು ಕೂಡಬೇಕಂತೆ, ಆದ್ದರಿಂದ ತಾವು ನಿಶ್ಚಿಂತೆಯಿಂದಿರಬಹುದು.

ತಮ್ಮ ಸ್ಥಿರತೆಯನ್ನು ಪ್ರತಿದಿನ ಸಂಜೆ ಹತ್ತಿರದಿಂದ ಕಂಡು ಮೆಚ್ಚುವ,

ತಮ್ಮ ವಿಶ್ವಾಸಿ,
ಎಂಜಿನಿಯರ್ ಓಗ್ನ್ಯಾನ್ ಕರದಾಲಿಯೆವ್
ನೆಲಮಹಡಿ, 'ಬಿ' ದ್ವಾರ

ತಾ.ಕ.: ಐದನೇ ಮಹಡಿಗೆ ಹೋದ ಗಾಂಚೋ ಅವರಿಗೆ ಕಾಳಿನ ಚೀಲ, ಗ್ಯಾಸ್ ಸಿಲಿಂಡರ್, ನೋಯುವ ಮೊಣಕಾಲು ಎಲ್ಲವನ್ನೂ ತೊಂಬತ್ತು ಮೆಟ್ಟಿಲು ಹೊತ್ತೊಯ್ಯಬೇಕಾಗಿರುವುದರಿಂದ ಅವರೀಗ ತಮ್ಮ ಪರಮ ಭಕ್ತರು, ಪುಕ್ಕಟೆ ಸಹಿಗೆ ಸಿದ್ಧರು. ಕಾಮೆನ್ ಮತ್ತು ಮೇಷ್ಟ್ರು ಅವರೊಡನೆ ಕೂಡಿದ್ದಾರೆ. ನಾಲ್ಕನೆಯ ಸಹಿ ನನ್ನದಾದರೆ ಮುಗಿಯಿತು. ಕಳೆದ ಭಾನುವಾರ ಮೂವರೂ ರಾಕಿಯಾ ಸಮೇತ ಬಂದು ನನಗೆ ಎಂಟು ಹಲಗೆ ಕೊಡುವುದಾಗಿ ಹೇಳಿದರು. ಮಾರ್ಚಿನಲ್ಲಿ ನನ್ನ ಸಹಿಗೆ ಸೊನ್ನೆ ಹಲಗೆಯ ಬೆಲೆ ಕಟ್ಟಿದ್ದವರು ಇವರೇ ಎಂಬುದನ್ನು ಸೌಜನ್ಯದಿಂದ ನೆನೆಯಲಿಲ್ಲ. ಯೋಚಿಸಿ ಹೇಳುತ್ತೇನೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಜೋರ್ನಿತ್ಸಾ ಒಳಗಿನಿಂದ, "ಹದಿನೆಂಟಕ್ಕೆ ಒಂದು ಕಮ್ಮಿ ಆದ್ರೂ ಆಗಲ್ಲ," ಎಂದಳು. ನಮ್ಮ ಮನೆಯಲ್ಲಿರುವುದು ಒಟ್ಟು ಮೂರು ಭರಣಿ.